ಪೇಪರಮ್ಮನ ಜೀಪಿನ ನಾಲ್ಕೂ ಚಕ್ರ

ನಮ್ಮ ಪಕ್ಕದ ಮನೆಯಲ್ಲಿ ಕೊಲೆಯೊಂದು ನಡೆಯುತ್ತಿದೆ ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಪೂರ್ತಿಯಾಗಿ ನಂಬಿದ್ದೆ.

ಕಾಂಪೌಂಡ್ ಗೋಡೆಯ ಆಚೆಯಿಂದ ಪೇಪರಮ್ಮನವರ ದನಿ ಬರುತ್ತಿತ್ತು. “ನಿನ್ನ ಮೈಮೇಲೆ ನಿನ್ನದು ಅಂತ ಏನಾದ್ರೂ ಉಳಿದಿದೆಯಾ? ಕಣ್ಣು ಯಾರದ್ದೋ, ಹಲ್ಲು ಯಾರದ್ದೋ, ಹೊಟ್ಟೆ ಒಳಗಿರೋದು ಯಾರದ್ದು ಅಂತ ದೇವರಿಗೇ ಗೊತ್ತು. ಇಷ್ಟು ವರ್ಷ ಸುಮ್ಮನೆ ಬಿದ್ದುಕೊಂಡು ಎಲ್ಲ ಹಾಕಿಸಿಕೊಂಡ್ಯಲ್ಲ, ನಾಚಿಕೆ ಆಗಲ್ವಾ? ಇವತ್ತು ಬಿಚ್ಚಿ ಹಾಕ್ತೀನಿ ನೋಡು!” ಅದರ ಬೆನ್ನಿಗೇ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು. ಆಮೇಲೆ ಯಾರೋ ಹಲ್ಲು ಕಚ್ಚಿ ನರಳಿದಂಥ ಒಂದು ಉದ್ದನೆಯ ಕಿರ್ರ್.

ಪೇಪರಮ್ಮನವರ ಯಜಮಾನರನ್ನು ಬೀದಿಯೆಲ್ಲ ಮೇಸ್ತ್ರಿ ಎಂದು ಕರೆಯುತ್ತಿತ್ತು. ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತ ಬದುಕು ಕಳೆದವರು, ಯಾರ ತಂಟೆಗೂ ಹೋಗದ ಒಳ್ಳೆಯವರು. ಮೇಸ್ತ್ರಿಯ ಬಾಯಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟಿತ್ತು. ಆ ವರ್ಷವೇ ಕಣ್ಣಿಗೆ ಹೊಸ ಲೆನ್ಸ್ ಹಾಕಿಸಿಕೊಂಡಿದ್ದರು. ಹೀಗಾಗಿ ಕೇಳಿದ ಮಾತಿಗೂ ನನಗೆ ಗೊತ್ತಿದ್ದ ಮನುಷ್ಯನಿಗೂ ಎಲ್ಲ ಕಡೆಯಿಂದಲೂ ತಾಳೆಯಾಯಿತು. ಹೊಟ್ಟೆಯ ವಿಷಯ ಮಾತ್ರ ಹೊಸದು. ಆಪರೇಷನ್ ಆಗಿದ್ದನ್ನು ನಮಗೆ ಹೇಳಿಲ್ಲವೇನೋ ಅಂದುಕೊಂಡೆ.

“ಪೊಲೀಸಿಗೆ ಫೋನ್ ಮಾಡಲಾ?” ಎಂದು ಹೆಂಡತಿಯನ್ನು ಕೇಳಿದೆ.

“ಮೊದಲು ನೀವೇ ಹೋಗಿ ನೋಡಿ. ನಿಮ್ಮನ್ನ ನೋಡಿದ್ರೆ ಎಂಥವರಿಗೂ ಕೋಪ ಇಳಿದು ನಗು ಬರುತ್ತೆ,” ಅಂದಳು. ನನ್ನ ಹೆಂಡತಿಗೆ ನನ್ನ ಮೇಲಿರುವ ನಂಬಿಕೆ ಅಂಥದ್ದು.

ಕೈಗೆ ಸಿಕ್ಕ ಕೊಡೆ ಹಿಡಿದು ಓಡಿದೆ. ಅವರ ಮನೆಯ ಪಕ್ಕದ ಶೆಡ್ಡಿನ ಬಾಗಿಲಲ್ಲಿ ಕೊಲೆಯಾಗಬೇಕಿದ್ದ ಮನುಷ್ಯ ಸ್ಟೂಲಿನ ಮೇಲೆ ಕೂತು, ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು. ಒಳಗೆ ಒಂದು ಹಳೆಯ ಜೀಪು. ಅದರ ಅಡಿಯಿಂದ ಎರಡು ಕ್ಯಾನ್ವಾಸ್ ಶೂ ಹೊರಗೆ ಚಾಚಿಕೊಂಡಿದ್ದವು.

“ಬೈಗುಳ ಯಾರಿಗೆ?” ಎಂದು ಪಿಸುಗುಟ್ಟಿದೆ.

“ಗಾಡಿಗೆ,” ಅಂದರು ಮೇಸ್ತ್ರಿ. “ಆದ್ರೆ ತಲುಪಬೇಕಾದ್ದು ನನಗೆ. ತಲುಪ್ತಾ ಇದೆ. ಬಿಸ್ಕತ್ತು ತಗೊಳ್ಳಿ.”

ಶೂಗಳ ಹಿಂದೆ ಪೇಪರಮ್ಮ ಒಂದೊಂದೇ ಭಾಗವಾಗಿ ಹೊರಗೆ ಬಂದರು. ಅರವತ್ತು ದಾಟಿದ ಹೆಂಗಸು, ಕೂದಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಾರೆ, ಕೆನ್ನೆಯ ಮೇಲೆ ಗ್ರೀಸು. ನನ್ನ ಕೊಡೆಯನ್ನೂ ಮೋಡವಿಲ್ಲದ ಆಕಾಶವನ್ನೂ ನೋಡಿ, “ಸಾಹಿತಿಗಳು ಒಳಗೇ ಒದ್ದೆ ಆಗ್ತೀರೇನೋ,” ಅಂದರು. ಆಮೇಲೆ ಹನ್ನೆರಡರ ಸ್ಪಾನರ್ ಕೇಳಿದರು. ನಾನು ಹದಿನಾಲ್ಕರದ್ದು ಕೊಟ್ಟೆ. ನಮ್ಮ ಸಹಕಾರ ಶುರುವಾದದ್ದು ಹೀಗೆ. ಮುಂದೆಯೂ ಹೆಚ್ಚು ಸುಧಾರಿಸಲಿಲ್ಲ.

ಪೇಪರಮ್ಮ ಎನ್ನುವ ಹೆಸರು ಹೇಗೆ ಬಂತೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಳೇ ಪೇಪರು ಮಾರುತ್ತಿದ್ದಿರಬೇಕು ಎಂದು ನನ್ನಷ್ಟಕ್ಕೆ ತೀರ್ಮಾನಿಸಿದ್ದೆ. ನಾನು ಬಲ್ಲ ಪೇಪರಮ್ಮ ಯಾವ ಗಾಡಿಯನ್ನೂ ಓಡಿಸುತ್ತಿರಲಿಲ್ಲ. ಬಸ್ಸಿನಲ್ಲಿ ಕಡೇ ಸೀಟು ಹಿಡಿದು, ತಿರುವು ಬಂದರೆ ಮುಂದಿನ ಕಂಬಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಳ್ಳುವವರು. ನಾವೆಲ್ಲ ಅದನ್ನು ವಯಸ್ಸಿನ ಹೆದರಿಕೆ ಅಂದುಕೊಂಡಿದ್ದೆವು.

ಅವರ ಅಪ್ಪ ಪತ್ರಿಕೆಯ ಕಟ್ಟುಗಳನ್ನು ಸಾಗಿಸುವ ಕೆಲಸ ಮಾಡುತ್ತಿದ್ದವರು. ನಸುಕಿನ ರೈಲು ಪ್ಲಾಟ್‌ಫಾರಮ್ಮಿನ ಮೇಲೆ ಎಸೆದು ಹೋದ ಕಟ್ಟುಗಳನ್ನು ಜೀಪಿಗೆ ಏರಿಸಿ, ಬಯಲಿನ ಹಳ್ಳಿಗಳನ್ನು ದಾಟಿ, ಬೆಟ್ಟದ ತುದಿಯ ಪೇಟೆಯವರೆಗೆ ಹಂಚುತ್ತ ಹೋಗಬೇಕು. ಜೀಪನ್ನು ಅಪ್ಪ ಹೊಚ್ಚ ಹೊಸದಾಗಿ ತಂದಿದ್ದರು: ಎಲೆ ಹಸಿರು ಬಣ್ಣ, ಕ್ಯಾನ್ವಾಸಿನ ಚಾವಣಿ, ಎಳೆದರೆ ನಾಲ್ಕೂ ಚಕ್ರಕ್ಕೆ ಬಲ ಬರುವ ಒಂದು ಪುಟ್ಟ ಲಿವರ್. ಅಪ್ಪನ ಭುಜ ಸೋತಾಗ ಮಗಳು ಸ್ಟಿಯರಿಂಗ್ ಹಿಡಿದಳು. ಹೆಣ್ಣುಮಗಳು ಗಾಡಿ ಓಡಿಸುವುದನ್ನು ಬೆಟ್ಟದವರು ಮೊದಲು ಬಾಯಿ ಬಿಟ್ಟು ನೋಡಿದರು. ಆಮೇಲೆ ಬಾಯಿ ಮುಚ್ಚಿ ಪೇಪರ್ ಓದಿದರು. ಜಗತ್ತಿನಲ್ಲಿ ಯುದ್ಧ ನಿಂತದ್ದು, ಸರ್ಕಾರ ಬಿದ್ದದ್ದು, ಪರೀಕ್ಷೆಯಲ್ಲಿ ಮಗ ಪಾಸಾದದ್ದು ಎಲ್ಲವೂ ಆ ಪೇಟೆಗೆ ಈ ಹೆಂಗಸಿನ ಕೈಯಿಂದಲೇ ಬರುತ್ತಿತ್ತು. “ಪೇಪರಮ್ಮ ಬಂದ್ಲಾ?” ಎನ್ನುವುದು ಅಲ್ಲಿನವರ ಬೆಳಗಿನ ಮೊದಲ ಮಾತು.

ಬೆಟ್ಟದ ದಾರಿಯಲ್ಲಿ ಒದ್ದೆ ತಿರುವು ಎಂದೊಂದು ಜಾಗವಿದೆ. ಬಂಡೆಯ ಸಂದಿಯಿಂದ ಒಸರುವ ನೀರು ಬೇಸಿಗೆಯಲ್ಲೂ ನಿಲ್ಲದೆ ರಸ್ತೆಗೆ ಅಡ್ಡವಾಗಿ ಹರಿಯುತ್ತದೆ. ಏರು ಕಡಿದು, ಪಾಚಿ ಕಟ್ಟಿದ ಕಲ್ಲು. ಉಳಿದ ಗಾಡಿಗಳು ಸುತ್ತುದಾರಿ ಹಿಡಿದು ಹತ್ತಿದರೆ ಪೇಪರಮ್ಮ ಲಿವರ್ ಎಳೆದು ನೆಟ್ಟಗೆ ಹತ್ತುತ್ತಿದ್ದರು. ಹತ್ತುವಾಗ ಹಾಡುತ್ತಿದ್ದರಂತೆ. ಅವರ ಹಾಡು ಕೇಳಿದ ಮೇಲೆ, ಅವರು ಗಾಡಿ ಓಡಿಸುವ ವೃತ್ತಿ ಹಿಡಿದದ್ದು ಎಲ್ಲರಿಗೂ ಒಳ್ಳೆಯದಾಯಿತು ಅನ್ನಿಸುತ್ತದೆ.

ಇಂಥ ಜೀಪಿದ್ದ ಮನೆಗೆ ಮೇಸ್ತ್ರಿ ಗಂಡನಾಗಿ ಬಂದರು.

ಇಲ್ಲಿ ನಾನು ಸ್ವಲ್ಪ ಸಿಟ್ಟಾಗಬೇಕಾಗಿದೆ. ಜಗತ್ತಿನಲ್ಲಿ ಹಾಳುಮಾಡುವ ಜನರಿದ್ದಾರೆ. ಅವರನ್ನು ಹಿಡಿದು ಬೈಯಬಹುದು. ಆದರೆ ಸುಧಾರಿಸುವ ಜನರನ್ನು ಏನು ಮಾಡುವುದು? ನೀವು ಕೇಳದೆಯೇ ನಿಮ್ಮ ಗಡಿಯಾರ ಬಿಚ್ಚಿ ಜೋಡಿಸುತ್ತಾರೆ. ಒಂದು ಸ್ಕ್ರೂ ಉಳಿಯುತ್ತದೆ. “ಇದು ಬೇಕಾಗಿಯೇ ಇರಲಿಲ್ಲ, ಸುಮ್ಮನೆ ಇಟ್ಟಿದ್ರು,” ಎಂದು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಗಡಿಯಾರ ಮಾಡಿದ ಕಂಪನಿಯವರು ತಲೆ ಕೆಟ್ಟು ಒಂದು ಸ್ಕ್ರೂ ಹೆಚ್ಚಿಗೆ ಹಾಕಿದ್ದರೆಂದೂ, ಇವರು ಹುಟ್ಟಿ ಬಂದು ಅದನ್ನು ಕಂಡುಹಿಡಿದರೆಂದೂ ನಾವು ನಂಬಬೇಕು. ಅವರಿಗೆ ಥ್ಯಾಂಕ್ಸ್ ಬೇರೆ ಹೇಳಬೇಕು.

ಮೇಸ್ತ್ರಿ ಈ ಜಾತಿಯ ಚಕ್ರವರ್ತಿ. ಹೆಂಡತಿಯ ಮೇಲಿನ ಪ್ರೀತಿಯನ್ನೆಲ್ಲ ಜೀಪಿನ ಮೇಲೆ ಸುರಿದರು. ದೀಪದ ಸ್ವಿಚ್ಚು ಸಡಿಲವಾಯಿತು. ಹೊಲಿಗೆ ಮೆಷಿನ್ನಿನ ಗುಂಡಿ ಬಂತು. ಸ್ಟಿಯರಿಂಗ್ ಚಕ್ರ ಬಿರುಕು ಬಿಟ್ಟಿತು, ಟ್ರ್ಯಾಕ್ಟರಿನದು ಬಂತು. ಪೆಟ್ರೋಲ್ ಇಂಜಿನ್ ಕೆಮ್ಮಿದ ದಿನವಂತೂ ಅದನ್ನೇ ಎತ್ತಿ ಇಳಿಸಿ, ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಪಂಪಿನ ಡೀಸೆಲ್ ಇಂಜಿನ್ ಕೂರಿಸಿದರು. ಅಂದಿನಿಂದ ಜೀಪು ಬಂದರೆ ಯಾರ ತೋಟಕ್ಕೋ ನೀರು ಬಿಟ್ಟರು ಎಂದು ಜನ ತಿಳಿಯುತ್ತಿದ್ದರು. ಕಡೆಗೆ ಗಾಡಿಯ ಅಡಿಭಾಗಕ್ಕೆ ಕೆಸರು ಹಾರದಿರಲಿ ಎಂದು ಎಣ್ಣೆ ಡ್ರಮ್ಮನ್ನು ಸೀಳಿ, ತಟ್ಟಿ, ದೊಡ್ಡ ತಗಡೊಂದನ್ನು ಬಿಗಿದರು. ಜೀಪಿಗೆ ಹೊಟ್ಟೆಪಟ್ಟಿ ಕಟ್ಟಿದ ಹಾಗಾಯಿತು.

ಪೇಪರಮ್ಮ ಗೊಣಗುತ್ತಿದ್ದರು, ಆದರೆ ಮನೆಯಲ್ಲಿ ಮೊದಲಿನಿಂದ ಒಂದು ಒಪ್ಪಂದವಿತ್ತು. ಗಾಡಿಯ ಮೇಲೆ ಕೂರುವುದು ಹೆಂಡತಿಯ ಕೆಲಸ, ಅಡಿ ಮಲಗುವುದು ಗಂಡನ ಕೆಲಸ. ಇಬ್ಬರೂ ಇನ್ನೊಬ್ಬರ ಕಡೆ ತಲೆ ಹಾಕುತ್ತಿರಲಿಲ್ಲ. ಎಷ್ಟೋ ಸಂಸಾರಗಳು ನೆಮ್ಮದಿಯಿಂದ ನಡೆಯುವುದೂ ಇಂಥ ಒಪ್ಪಂದದಿಂದಲೇ, ಹಳ್ಳಕ್ಕೆ ಬೀಳುವುದೂ ಇಂಥ ಒಪ್ಪಂದದಿಂದಲೇ.

ತಗಡು ಬಿಗಿದ ಬೆನ್ನಿಗೇ ಒಂದು ದಿನ ಒದ್ದೆ ತಿರುವಿನಲ್ಲಿ ಜೀಪು ನಿಂತಿತು. ಪೇಪರಮ್ಮ ಎಂದಿನಂತೆ ಲಿವರ್ ಎಳೆದರು, ಎಂದಿನಂತೆ ಅದು ಟಕ್ಕೆಂದಿತು, ಎಂದಿನಂತೆ ಕಾಲು ಒತ್ತಿದರು. ಹಿಂದಿನ ಚಕ್ರಗಳು ಪಾಚಿಯ ಮೇಲೆ ಬುಗುರಿಯಂತೆ ತಿರುಗಿದವು. ಜೀಪು ಹಿಂದಕ್ಕೆ ಜಾರಿತು, ಅಡ್ಡ ತಿರುಗಿತು, ಚರಂಡಿಗೆ ಸೊಂಟ ಊರಿತು. ಯಾರಿಗೂ ಪೆಟ್ಟಾಗಲಿಲ್ಲ. ಕಟ್ಟುಗಳೆಲ್ಲ ನೀರಿಗೆ ಬಿದ್ದವು. ಅಂದಿನ ಸಮಾಚಾರವೆಲ್ಲ ಒಂದರೊಳಗೊಂದು ಅಂಟಿಕೊಂಡು ಹಿಟ್ಟಾಯಿತು.

ಪತ್ರಿಕೆಯ ಏಜೆಂಟರು ಬೆಟ್ಟದ ಪೇಟೆಯವರು. ಇಳಿದು ಬಂದು, ಒದ್ದೆಯಾದ ಕಟ್ಟುಗಳನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದರು. ಸುತ್ತ ನಿಂತಿದ್ದ ಜನರೆದುರು ಹೇಳಿದರು: “ಹೆಂಗಸರ ಕೈಗೆ ಬಯಲು ಕೊಡಬಹುದು, ಬೆಟ್ಟ ಕೊಡಬಾರದಿತ್ತು. ನಂದೇ ತಪ್ಪು.”

ತಪ್ಪು ತನ್ನದೇ ಎಂದು ಹೇಳುತ್ತ ಅದನ್ನು ಇನ್ನೊಬ್ಬರ ತಲೆಗೆ ಸುರಿಯುವ ಈ ಕಲೆಗೆ ವರ್ಷಗಳ ಅಭ್ಯಾಸ ಬೇಕು. ಬೆಟ್ಟದ ದಾರಿ ಮರುದಿನವೇ ಇನ್ನೊಬ್ಬನ ವ್ಯಾನಿಗೆ ಹೋಯಿತು. ಆ ವ್ಯಾನು ಸುತ್ತುದಾರಿಯಲ್ಲಿ ಬಂದು, ಬೆಳಗಿನ ಪೇಪರನ್ನು ಊಟದ ಹೊತ್ತಿಗೆ ಕೊಟ್ಟಿತು. ಅದನ್ನು ಮಾತ್ರ ಯಾರೂ ತಪ್ಪು ಅನ್ನಲಿಲ್ಲ.

ಮನೆಗೆ ಬಂದ ಹೆಂಡತಿಗೆ ಮೇಸ್ತ್ರಿ ಸಮಾಧಾನ ಹೇಳಿದರು. “ಬಿಡು. ಬೆಟ್ಟ ಎಲ್ಲರಿಗೂ ಒಗ್ಗಲ್ಲ.”

ಪೇಪರಮ್ಮ ಅದನ್ನು ನಂಬಿದರು. ತನ್ನ ಕಾಲು ತಪ್ಪಿರಬೇಕು, ಕ್ಲಚ್ಚು ಬಿಟ್ಟ ಗಳಿಗೆ ತಪ್ಪಿರಬೇಕು, ಧೈರ್ಯವೇ ತಪ್ಪಿರಬೇಕು ಎಂದುಕೊಂಡು ಕೆಲವು ಕಾಲ ಬಯಲಲ್ಲಿ ಮಾತ್ರ ಓಡಿಸಿದರು. ಆಮೇಲೆ ಅದನ್ನೂ ಬಿಟ್ಟರು. ಜೀಪು ಶೆಡ್ಡು ಸೇರಿತು, ಅದರ ಮೇಲೆ ಹಳೇ ಹಾಸಿಗೆ, ಮುರಿದ ಕುರ್ಚಿ, ಖಾಲಿ ಡಬ್ಬ ಸೇರಿದವು.

ಮತ್ತೆ ಅದನ್ನು ಬಿಚ್ಚಲು ಕಾರಣ ಮೇಸ್ತ್ರಿಯ ಕೊನೆಯ ಸುಧಾರಣೆ. ಒಂದು ಬೆಳಿಗ್ಗೆ ಅಳತೆಯ ಟೇಪು ಹಿಡಿದು ಜೀಪಿನ ಸುತ್ತ ಓಡಾಡಿ, “ಚಕ್ರ ತೆಗೆದು, ಸುತ್ತ ಜಾಲರಿ ಹೊಡೆದ್ರೆ ಒಳ್ಳೇ ಕೋಳಿಗೂಡು ಆಗುತ್ತೆ ಕಣೇ,” ಅಂದರಂತೆ.

“ಇದನ್ನ ಫ್ಯಾಕ್ಟರಿ ಬಾಗಿಲಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೆ ಮಾಡ್ತೀನಿ,” ಅಂದರು ಪೇಪರಮ್ಮ. “ನೀವು ಹಾಕಿದ್ದು ಒಂದು ವಾಷರ್ ಕೂಡ ಉಳಿಯಬಾರದು. ಮಿಕ್ಕಿದ್ದನ್ನ ಜೋಡಿಸಿಕೊಂಡು ನೀವೇ ಕೋಳಿಗೂಡು ಮಾಡಿ, ನೀವೇ ಒಳಗೆ ಕೂತ್ಕೊಳ್ಳಿ.”

ಅಂದಿನಿಂದ ಒಪ್ಪಂದ ತಲೆಕೆಳಗಾಯಿತು. ಹೆಂಡತಿ ಅಡಿ ಮಲಗಿದರು, ಗಂಡ ಸ್ಟೂಲಿನ ಮೇಲೆ ಕೂತರು.

ಜೀಪಿನ ಜೊತೆ ಕಂಪನಿಯವರು ಅಪ್ಪನಿಗೆ ಕೊಟ್ಟಿದ್ದ ದೊಡ್ಡ ಚಿತ್ರಪಟವೊಂದು ಶೆಡ್ಡಿನ ಗೋಡೆಯ ಮೇಲೆ ಇನ್ನೂ ತೂಗುತ್ತಿತ್ತು. ಅದರಲ್ಲಿ ಜೀಪಿನ ಪ್ರತಿ ಭಾಗವೂ ಸ್ಫೋಟವಾದಂತೆ ಬಿಡಿಬಿಡಿಯಾಗಿ ಗಾಳಿಯಲ್ಲಿ ನಿಂತಿದೆ. ಪೇಪರಮ್ಮ ಅದನ್ನು ನೋಡುತ್ತ ಬಿಚ್ಚಿದರು. ತುಕ್ಕು ಹಿಡಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಪೇಂಟಿನ ಮೇಲೆ ಪೇಂಟು ಕೂತಿತ್ತು: ಮೇಲೆ ಬೂದು, ಅದರಡಿ ನೀಲಿ, ಅದರಡಿ ಪಂಪಿಗೆ ಬಳಿಯುವ ಕೆಂಪು. ಮೊದಲಿನ ಹಸಿರು ಯಾವ ಹಸಿರೆಂದು ತಿಳಿಯಲು ಮೀಟರ್ ಹಲಗೆಯನ್ನು ಕಳಚಿ, ಬಿಸಿಲು ಒಮ್ಮೆಯೂ ಮುಟ್ಟದಿದ್ದ ಒಂದು ಅಂಗೈಯಗಲದ ಜಾಗ ಹುಡುಕಿದರು. ಪೇಂಟಿನ ಅಂಗಡಿಯವನನ್ನು ಕರೆತಂದು, ಅವನ ತಲೆಯನ್ನೇ ಆ ತೂತಿನೊಳಗೆ ತೂರಿಸಿ, “ಸರಿಯಾಗಿ ನೋಡ್ಕೋ. ಆಮೇಲೆ ಹೆಚ್ಚೂ ಕಡಿಮೆ ಅದೇ ಅಂತ ಕೊಟ್ರೆ ನಿನಗೇ ಬಳೀತೀನಿ,” ಅಂದರು.

ಕಳೆದುಹೋದ ಭಾಗಗಳಲ್ಲಿ ಬಹಳಷ್ಟು ಮನೆಯಲ್ಲೇ ಸಿಕ್ಕವು, ಏಕೆಂದರೆ ಮೇಸ್ತ್ರಿ ಯಾವುದನ್ನೂ ಎಸೆಯುವವರಲ್ಲ. ಪೆಟ್ರೋಲ್ ಇಂಜಿನ್ ವರ್ಕ್‌ಶಾಪಿನ ಮೂಲೆಯಲ್ಲಿ ಗೋಣಿ ಹೊದ್ದು ಮೇಜಾಗಿತ್ತು. ಹೆಡ್‌ಲೈಟಿನ ಬಳೆ ಬಚ್ಚಲಿನ ಕನ್ನಡಿಗೆ ಚೌಕಟ್ಟಾಗಿತ್ತು. ಅದನ್ನು ಕಿತ್ತ ದಿನ ಮೇಸ್ತ್ರಿ ಅಂದಾಜಿನ ಮೇಲೆ ಗಡ್ಡ ಹೆರೆದುಕೊಂಡು, ಒಂದು ಕಡೆ ಮೀಸೆ ಗಿಡ್ಡ ಮಾಡಿಕೊಂಡರು. ಅದನ್ನೂ ಫ್ಯಾಕ್ಟರಿ ಸ್ಥಿತಿಗೆ ತರಲು ಸಾಕಷ್ಟು ದಿನ ಹಿಡಿಯಿತು.

ಇಷ್ಟರವರೆಗೆ ಎಲ್ಲ ತಮಾಷೆಯಾಗಿಯೇ ಇತ್ತು. ಆಮೇಲೆ ಹೊಟ್ಟೆಯ ತಗಡು ಕಳಚಿದರು.

ನಾನು ಆ ಸಂಜೆ ಅಲ್ಲಿದ್ದೆ. ತಗಡು ಢಣ್ಣೆಂದು ನೆಲಕ್ಕೆ ಬಿತ್ತು. ಆಮೇಲೆ ಅಡಿಯಿಂದ ಯಾವ ಸದ್ದೂ ಇಲ್ಲ, ಬೈಗುಳವೂ ಇಲ್ಲ. ಪೇಪರಮ್ಮ ಹೊರಗೆ ಬಂದು, ಚಿತ್ರಪಟದ ಮುಂದೆ ನಿಂತು, ಒಂದು ಜಾಗದ ಮೇಲೆ ಬೆರಳಿಟ್ಟರು. ಮತ್ತೆ ಜೀಪಿನ ಅಡಿ ಹೋದರು. ಮತ್ತೆ ಬಂದರು.

“ರೀ,” ಅಂದರು. ದನಿ ಎಷ್ಟು ಮೆತ್ತಗಿತ್ತೆಂದರೆ ನಾನು ಕೂತಲ್ಲೇ ಸ್ವಲ್ಪ ಹಿಂದೆ ಸರಿದೆ. “ಮುಂದಿನ ಶಾಫ್ಟ್ ಎಲ್ಲಿ?”

ಇಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಉಕ್ಕಿನ ಕೊಳವೆ ಅದು. ಚಿತ್ರದಲ್ಲಿ ಇತ್ತು. ಜೀಪಿನಲ್ಲಿ ಅದರ ಜಾಗದಲ್ಲಿ ಗಾಳಿ ಇತ್ತು.

“ಅದಾ?” ಅಂದರು ಮೇಸ್ತ್ರಿ. “ಅದನ್ನ ತೆಗೆದು ಬಹಳ ಕಾಲ ಆಯ್ತಲ್ಲ. ನೀನೇ ಹೇಳ್ತಿದ್ದೆ, ಅಡಿಯಿಂದ ಊಳಿಡುತ್ತೆ ಅಂತ. ತೆಗೆದೆ, ಸದ್ದು ನಿಲ್ತು. ಗಾಡಿ ಹಗುರಾನೂ ಆಯ್ತು.”

“ಯಾವಾಗ ತೆಗೆದಿದ್ದು?”

“ಆ ತಗಡು ಹಾಕಿದೆನಲ್ಲ, ಆವಾಗ.”

“ನಾನು ಬೆಟ್ಟದಲ್ಲಿ ಜಾರಿದ್ದಕ್ಕಿಂತ ಮೊದಲಾ, ಆಮೇಲಾ?”

ಮೇಸ್ತ್ರಿ ಟೀ ಲೋಟವನ್ನು ನೆಲದ ಮೇಲಿಟ್ಟರು. “ಮೊದಲು,” ಅಂದರು.

“ಹಾಗಾದ್ರೆ ಅವತ್ತು ನಾನು ಎಳೆದ ಲಿವರ್?”

“ಲಿವರ್ ಸರಿಯಾಗೇ ಇತ್ತು.”

“ಅದು ಯಾವ ಚಕ್ರ ತಿರುಗಿಸ್ತಿತ್ತು?”

“ಯಾವುದನ್ನೂ ಇಲ್ಲ.”

ಪೇಪರಮ್ಮ ಕೈಯಲ್ಲಿದ್ದ ಸ್ಪಾನರನ್ನು ಬಟ್ಟೆಯಲ್ಲಿ ಒರೆಸಿದರು, ಇನ್ನೊಮ್ಮೆ ಒರೆಸಿದರು.

“ನಿಮಗೆ ಅವತ್ತೇ ಗೊತ್ತಾಯ್ತು.”

“ಗೊತ್ತಾಯ್ತು.”

“ಗೊತ್ತಾಗಿ, ಬೆಟ್ಟ ಎಲ್ಲರಿಗೂ ಒಗ್ಗಲ್ಲ ಅಂದ್ರಿ.”

“ಹೇಳಬೇಕು ಅಂತಿದ್ದೆ ಕಣೇ. ಆ ದಿನ ಆಗಲಿಲ್ಲ. ಮಾರನೇ ದಿನ ಹೇಳಿದ್ರೆ, ನಿನ್ನೆ ಯಾಕೆ ಹೇಳಲಿಲ್ಲ ಅಂತಿದ್ದೆ. ಹಾಗೇ ಮಾರನೇ ದಿನ, ಮಾರನೇ ದಿನ...”

“ನನಗೇ ಓಡಿಸೋಕೆ ಬರಲ್ಲ ಅಂತ ನಾನು ಗಾಡಿ ಬಿಟ್ಟೆ. ಬಸ್ಸಲ್ಲಿ ಕಣ್ಣು ಮುಚ್ಕೊಂಡು ಕೂತೆ. ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಸದ್ದು ನಿಲ್ತು, ಅಲ್ವಾ? ನನ್ನ ಸದ್ದು ನಿಲ್ತು.”

ಮೇಸ್ತ್ರಿ ಒಳ್ಳೆಯವರು ಎಂದು ನಾನು ಮೊದಲೇ ಹೇಳಿದ್ದೇನೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಒಳ್ಳೆಯವರ ಮೇಲೆ ಬರುವ ಸಿಟ್ಟಿಗೆ ಜಾಗವೇ ಸಿಗುವುದಿಲ್ಲ, ಅದು ಮೈಯೊಳಗೇ ಸುತ್ತುತ್ತದೆ. ಆ ಸಂಜೆ ಮನೆಗೆ ಬಂದು ನಾನು ಕಾರಣವಿಲ್ಲದೆ ಒಂದು ಬಾಗಿಲನ್ನು ದಢಾರನೆ ಹಾಕಿದೆ. ಹೆಂಡತಿ ವಿಷಯ ಕೇಳಿ, ಇನ್ನೊಂದು ಬಾಗಿಲನ್ನು ಇನ್ನೂ ಜೋರಾಗಿ ಹಾಕಿದಳು.

ಪೇಪರಮ್ಮ ಗಂಡನ ಜೊತೆ ಮಾತು ಬಿಟ್ಟರು. ಅದನ್ನು ಮೇಸ್ತ್ರಿ ತಡೆದುಕೊಳ್ಳುತ್ತಿದ್ದರು. ಪೇಪರಮ್ಮ ಜೀಪಿಗೆ ಬೈಯುವುದನ್ನೂ ಬಿಟ್ಟರು; ಅದನ್ನು ಮೇಸ್ತ್ರಿಗೆ ತಡೆದುಕೊಳ್ಳಲಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಕಿವಿ ಕೊಡುತ್ತಿದ್ದರು. ಒಳಗಿನಿಂದ ಉಪ್ಪುಕಾಗದ ಉಜ್ಜುವ ಸದ್ದು ಬಿಟ್ಟರೆ ಏನೂ ಇಲ್ಲ. ಬಣ್ಣ ಮುಗಿಯಿತು, ಇಂಜಿನ್ ಕೂತಿತು, ಕ್ಯಾನ್ವಾಸ್ ಚಾವಣಿ ಏರಿತು. ಶಾಫ್ಟ್ ಮಾತ್ರ ಇಲ್ಲ. ಗುಜರಿಯವರಲ್ಲಿ ಕೇಳಿದ್ದಾಯಿತು, ಆ ಮಾದರಿಯದು ಎಲ್ಲೂ ಇಲ್ಲ. ಹಳೆಯದೆಲ್ಲಿ ಎಂದರೆ ಮೇಸ್ತ್ರಿ ನೆಲ ನೋಡುತ್ತಿದ್ದರು.

ಈ ನಡುವೆ ಹಳೇ ವಾಹನಗಳ ಸಂಘದ ಕಾರ್ಯದರ್ಶಿಯೊಬ್ಬರು ಸುದ್ದಿ ತಿಳಿದು ಬಂದರು. ವೃತ್ತಿಯಲ್ಲಿ ದಂತವೈದ್ಯರು. ಬಿಳಿ ಕೈಗವಸು ತೊಟ್ಟು ಬಾನೆಟ್ಟಿನ ಮೇಲೆ ಬೆರಳೆಳೆದು, “ಅದ್ಭುತ! ಪ್ರದರ್ಶನಕ್ಕೆ ತಂದುಬಿಡಿ,” ಅಂದರು.

“ಮುಂದಿನ ಶಾಫ್ಟ್ ಇಲ್ಲ,” ಅಂದರು ಪೇಪರಮ್ಮ.

“ಅಯ್ಯೋ, ಅಡಿ ಯಾರು ಬಗ್ಗಿ ನೋಡ್ತಾರಮ್ಮ? ಲಿವರ್ ಇದೆಯಲ್ಲ, ಅಷ್ಟು ಕಂಡ್ರೆ ಸಾಕು.”

“ಡಾಕ್ಟ್ರೇ, ನೀವು ಬೇರಿಲ್ಲದ ಹಲ್ಲು ಕಟ್ಟಿ ಕಳಿಸೋದಿಲ್ಲವಾ?”

“ಕಟ್ತೀವಲ್ಲ!” ಅಂದರು ಡಾಕ್ಟರು, ಹೆಮ್ಮೆಯಿಂದ.

“ಅದಕ್ಕೇ ಹೇಳ್ತೀರಿ. ಬಾಗಿಲು ಅಲ್ಲಿದೆ.”

ಡಾಕ್ಟರು ಹೋದ ಮೇಲೆ ಸ್ಟೂಲಿನ ಮೇಲಿಂದ ಮೇಸ್ತ್ರಿ ಎದ್ದರು. ಅಡಿ ಯಾರು ನೋಡುತ್ತಾರೆ ಎಂದು ಇಷ್ಟು ವರ್ಷ ತಾವೇ ನಂಬಿಕೊಂಡಿದ್ದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಎಲ್ಲೋ ನಾಟಿರಬೇಕು. ಹೆಂಡತಿಯ ಕಡೆ ನೋಡದೆ ನನ್ನ ಕಡೆ ನೋಡಿದರು. “ನೀವು ಬೇಜಾರು ಮಾಡ್ಕೋಬಾರದು,” ಅಂದರು.

“ನಾನ್ಯಾಕೆ?”

“ಶಾಫ್ಟು ನಿಮ್ಮನೇಲಿದೆ.”

ನಮ್ಮ ಮನೆಯ ಮುಂದೆ ನನ್ನ ಹೆಸರಿನ ಹಲಗೆಯೊಂದಿದೆ, ಇತ್ತು ಅನ್ನಬೇಕು. ಹೆಸರಿನ ಕೆಳಗೆ ‘ಸಾಹಿತಿ’ ಎಂದು, ಹೆಸರಿಗಿಂತ ತುಸು ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಅದನ್ನು ನಿಲ್ಲಿಸಲು ಕಂಬ ಬೇಕೆಂದಾಗ ಮೇಸ್ತ್ರಿಯೇ ಒಂದು ಉಕ್ಕಿನ ಕಂಬ ತಂದು ನೆಟ್ಟುಕೊಟ್ಟಿದ್ದರು. ಅದರ ತುದಿಯಲ್ಲಿ ಕವಲಿನಂಥ ಎರಡು ತೋಳಿದ್ದವು. ಹಲಗೆ ಅದರ ನಡುವೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಎರಡು ಕೈ ಎತ್ತಿ ನನ್ನ ಹೆಸರನ್ನು ಲೋಕಕ್ಕೆ ತೋರಿಸುವ ಆ ಕಲ್ಪನೆಗೆ ನಾನು ಮನಸ್ಸಿನಲ್ಲೇ ಮೇಸ್ತ್ರಿಯನ್ನು ಕಲಾವಿದ ಎಂದು ಕರೆದಿದ್ದೆ. ತುಕ್ಕು ಹಿಡಿಯದಿರಲೆಂದು ವರ್ಷವರ್ಷವೂ ತಪ್ಪದೆ ಬಣ್ಣ ಬಳಿದಿದ್ದೆ. ಪೇಪರಮ್ಮ ದಿನಾ ಬೆಳಿಗ್ಗೆ ಅದಕ್ಕೆ ಕೈ ಊರಿಯೇ ನನ್ನ ಹೆಂಡತಿಯ ಜೊತೆ ಹರಟುತ್ತಿದ್ದರು.

ಈಗ ಬಂದು ಅದರ ಮುಂದೆ ನಿಂತರು. ಅಡಿಯಿಂದ ಮುಡಿಯವರೆಗೆ ನೋಡಿದರು.

“ಸಾಹಿತಿಗಳೇ, ನಿಮ್ಮ ಹೆಸರು ಸ್ವಲ್ಪ ಹಿಡ್ಕೊಳ್ಳಿ,” ಅಂದರು.

ನಾನು ಹಲಗೆಯನ್ನು ಎದೆಗವಚಿಕೊಂಡು ನಿಂತೆ. ಮೇಸ್ತ್ರಿ ಕಂಬವನ್ನು ಸಿಮೆಂಟಿನೊಳಕ್ಕೆ ನೇರವಾಗಿ ನೆಟ್ಟಿರಲಿಲ್ಲ. ಅಗಲವಾದ ಪೈಪೊಂದನ್ನು ಹೂತು ಅದರೊಳಗೆ ಬೆಣೆ ಹೊಡೆದು ನಿಲ್ಲಿಸಿದ್ದರು. ಬೆಣೆ ತೆಗೆದು ಇಬ್ಬರೂ ಸೇರಿ ಎಳೆದಾಗ ಶಾಫ್ಟು ಒರೆಯಿಂದ ಕತ್ತಿ ಬಂದ ಹಾಗೆ ಬಂತು. ಬುಡದ ಹಲ್ಲುಗಳಿಗೆ ಗ್ರೀಸು ಮೆತ್ತಿ ಗೋಣಿ ಸುತ್ತಿದ್ದರು. ಅದನ್ನು ಬಿಚ್ಚಿ ನೋಡಿದ ಪೇಪರಮ್ಮ, ಮಾತು ಬಿಟ್ಟ ಮೇಲೆ ಮೊದಲ ಸಲ ಗಂಡನ ಮುಖ ನೋಡಿದರು.

“ಗ್ರೀಸ್ ಹಾಕೋವಷ್ಟು ನೆನಪಿತ್ತು. ಬಾಯಿ ಬಿಡೋವಷ್ಟು ಇರಲಿಲ್ಲ. ಅಲ್ವಾ?”

ಬೈಗುಳ ಮತ್ತೆ ಶುರುವಾದದ್ದಕ್ಕೆ ಮೇಸ್ತ್ರಿಯ ಮುಖ ಅರಳಿದ್ದನ್ನು ನಾನು ನೋಡಿದೆ. ನನ್ನ ಹೆಂಡತಿ ಕಿಟಕಿಯಿಂದ, “ಆ ಹಲಗೆ ಒಳಗೆ ತರಬೇಡಿ, ಇಡೋಕೆ ಜಾಗ ಇಲ್ಲ,” ಎಂದು ಕೂಗಿದಳು.

ಲೇತಿನವನ ಹತ್ತಿರ ಶಾಫ್ಟಿನ ಡೊಂಕು ಪರೀಕ್ಷಿಸಿ, ಕೀಲುಗಳಿಗೆ ಹೊಸ ಬೇರಿಂಗ್ ಕೂರಿಸಿ, ಚಿತ್ರದಲ್ಲಿದ್ದಂತೆಯೇ ಬಿಗಿದರು. ಬಿಗಿದವರು ಪೇಪರಮ್ಮ; ಟಾರ್ಚು ಹಿಡಿದು ಪಕ್ಕದಲ್ಲಿ ಮಲಗಿದವರು ಮೇಸ್ತ್ರಿ. ಈಗ ಜೀಪು ಫ್ಯಾಕ್ಟರಿಯಿಂದ ಬಂದಂತೆಯೇ ಇತ್ತು, ಅಡಿಯಿಂದ ಊಳಿಡುವುದೂ ಸೇರಿ.

“ಹತ್ತಿ,” ಅಂದರು ಪೇಪರಮ್ಮ ಗಂಡನಿಗೆ. “ಬೆಟ್ಟಕ್ಕೆ.” ನನ್ನನ್ನು ಯಾರೂ ಕರೆಯಲಿಲ್ಲ, ನಾನು ಹಿಂದೆ ಹತ್ತಿ ಕೂತೆ.

ಬಯಲಿನುದ್ದಕ್ಕೂ ಪೇಪರಮ್ಮನ ಕೈ ಮತ್ತೆ ಮತ್ತೆ ಲಿವರನ್ನು ಮುಟ್ಟಿ ನೋಡುತ್ತಿತ್ತು. ಶಾಫ್ಟು ಸಿಕ್ಕಿತು ಸರಿ, ಕಾಲು ಸಿಗಬೇಕಲ್ಲ? ಇಷ್ಟು ವರ್ಷ ತಪ್ಪು ಗಾಡಿಯದೇ ಆಗಿರಬಹುದು. ಆದರೆ ತಪ್ಪು ತನ್ನದೆಂದು ನಂಬಿದ ಕಾಲು ಈಗ ನಿಜವಾಗಿಯೂ ತಪ್ಪಬಹುದು. ಈಗಲೂ ಜಾರಿದರೆ ಏಜೆಂಟರು ಅಂದ ಮಾತೇ ಕೊನೆಯ ಮಾತಾಗಿ ಉಳಿಯುತ್ತದೆ.

ಒದ್ದೆ ತಿರುವು ಬಂತು. ಹತ್ತಿರದಿಂದ ನೋಡಿದರೆ ಅದು ರಸ್ತೆಯಲ್ಲ, ರಸ್ತೆಗೆ ಹಿಡಿದ ಜ್ವರ. ಪಾಚಿಯ ಮೇಲೆ ನೀರು ತೆಳ್ಳಗೆ ಹೊಳೆಯುತ್ತಿತ್ತು. ಪೇಪರಮ್ಮ ಜೀಪು ನಿಲ್ಲಿಸಿದರು. ಮೇಸ್ತ್ರಿ ಬಾಯಿ ತೆರೆದರು.

“ಸುಮ್ನಿರಿ,” ಅಂದರು ಪೇಪರಮ್ಮ.

ಲಿವರ್ ಎಳೆದರು. ಟಕ್ಕೆಂದಿತು. ಕ್ಲಚ್ಚು ಬಿಟ್ಟರು. ಹಿಂದಿನ ಚಕ್ರ ಜಾರಿತು, ಜೀಪಿನ ಬಾಲ ಪಕ್ಕಕ್ಕೆ ವಾಲಿತು, ನಾನು ದೇವರಿಗೆ ಮನಸ್ಸಿನಲ್ಲೇ ಒಂದು ವಾಕ್ಯ ಬರೆಯತೊಡಗಿದೆ. ಅಷ್ಟರಲ್ಲಿ ಮುಂದಿನ ಎರಡು ಚಕ್ರಗಳು ಕಲ್ಲನ್ನು ಕಚ್ಚಿದವು. ಯಾರೋ ಮೂತಿಗೆ ಹಗ್ಗ ಕಟ್ಟಿ ಎಳೆದ ಹಾಗೆ ಜೀಪು ಮುಂದಕ್ಕೆ, ಮೇಲಕ್ಕೆ ಹೋಯಿತು. ಪೇಪರಮ್ಮನ ಕಾಲು ಒಂದಿಷ್ಟೂ ಅಲುಗಲಿಲ್ಲ. ತಿರುವಿನ ನೆತ್ತಿ ತಲುಪುವ ಹೊತ್ತಿಗೆ ಹಾಡಲು ಶುರುಮಾಡಿದ್ದರು. ನಾನು ಅವರ ಗಾಯನದ ಬಗ್ಗೆ ಮೊದಲು ಹೇಳಿದ ಮಾತಿಗೆ ಈಗಲೂ ಬದ್ಧ. ಆದರೆ ಅವತ್ತು ಮೇಸ್ತ್ರಿ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಹೊಸ ಲೆನ್ಸಿಗೆ ಗಾಳಿ ಹೊಡೆಯಿತು ಅಂದರು.

ಏಜೆಂಟರು ಈಗ ಮುದುಕರು. ಪೇಟೆಯ ಬಾಯಲ್ಲಿರುವ ತಮ್ಮ ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂತು, ಹೋಗಿಬರುವ ಗಾಡಿಗಳನ್ನೆಲ್ಲ ತಾವೇ ಬಿಟ್ಟ ಹಾಗೆ ನೋಡುವುದು ಅವರ ಕೆಲಸ. ಅಲ್ಲಿಂದ ಒದ್ದೆ ತಿರುವು ಪೂರ್ತಿಯಾಗಿ ಕಾಣುತ್ತದೆ. ಹಸಿರು ಜೀಪು ಬಂದು ಅವರ ಮೊಣಕಾಲಿನ ಹತ್ತಿರವೇ ನಿಂತಿತು. ಪೇಪರಮ್ಮ ಇಂಜಿನ್ ಆರಿಸಲಿಲ್ಲ, ಇಳಿಯಲೂ ಇಲ್ಲ. ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಗಂಡನ ಕಡೆ ನೋಡಿದರು.

ಮೇಸ್ತ್ರಿ ಇಳಿದರು. ಅಂಗಡಿಯ ಮುಂದಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದರು: “ಅವತ್ತು ಇದೇ ತಿರುವಲ್ಲಿ ಜೀಪು ಜಾರಿ ಪೇಪರ್ ಎಲ್ಲ ನೆನೆದು ಹೋಯ್ತಲ್ಲ, ಏಜೆಂಟ್ರೇ. ಅದಕ್ಕೆ ಮುಂದಿನ ಶಾಫ್ಟ್ ಇರಲಿಲ್ಲ. ನಾನು ತೆಗೆದಿದ್ದೆ. ಇವಳಿಗೆ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ. ನೀವು ಇವಳಿಗೆ ಅಂದಿದ್ದು ನನಗೆ ಅನ್ನಬೇಕಿತ್ತು. ಇವಳ ಕೈಯಲ್ಲಿ ಏನೂ ತಪ್ಪಿರಲಿಲ್ಲ.”

ಏಜೆಂಟರು ಜೀಪಿನ ಬಾನೆಟ್ಟು ನೋಡಿದರು, ಒದ್ದೆ ಚಕ್ರ ನೋಡಿದರು, ಕೆಳಗೆ ಹೊಳೆಯುತ್ತಿದ್ದ ತಿರುವು ನೋಡಿದರು. ಆಮೇಲೆ ಮೇಸ್ತ್ರಿಯ ಬೆನ್ನು ತಟ್ಟಿ, “ಭೇಷ್ ಮೇಸ್ತ್ರಿ, ಗಾಡಿ ಹೊಸದರ ಹಾಗೆ ಮಾಡಿದೀಯ,” ಅಂದರು. ಪೇಪರಮ್ಮನ ಮೇಲಿಂದ ಕಣ್ಣು ಹಾಯಿಸಿ, ಹಿಂದೆ ಕೂತಿದ್ದ ನನ್ನನ್ನೂ ಒಮ್ಮೆ ಅಳೆದು, ಕೇಳಿದರು: “ಅದಿರಲಿ, ಆ ತಿರುವಲ್ಲಿ ಓಡಿಸಿಕೊಂಡು ಬಂದವರು ಯಾರು?”

“ನಿಮ್ಮ ತಾತ,” ಅಂದರು ಪೇಪರಮ್ಮ.